ಜೋಡಿ ಕಾರ್ಬೊರೇಟರ್

ಚಿಂತಾಮಣಿ, ಡಬಲ್ ರೋಡಿನ ಶೆಡ್ಡು.
ನನ್ನ ಹಳೇ ಟ್ರಯಂಫ್‌ನ ಬಾನೆಟ್ಟೆತ್ತಿ
ದಸ್ತಗೀರ್ ಸಾಬರು
ಗ್ಯಾಸ್ ಪೈಪಿನ ತುಂಡೊಂದನ್ನು ಕಿವಿಗಿಟ್ಟು
ಪಕ್ಕದ ಮನೆ ಜಗಳದಂತೆ ಆಲಿಸಿದರು.

ಎರಡೂ ಒಂದೇ ಸಮ ಗಾಳಿ ಎಳೀಬೇಕು.
"ಈ ಹಿಂದಿಂದು ಹೊಟ್ಟೆಬಾಕ."
ಸ್ಕ್ರೂ ಕಾಲು ಸುತ್ತು.
ಇನ್ನೂ ಕಾಲು. ವಾಪಸ್ ಅರ್ಧ.

"ಕುದುರೆ ಎಷ್ಟು ಜಾಸ್ತಿ ಆಯ್ತು?"
"ಹೊಸಾ ಕುದುರೆ ಎಲ್ಲಿಂದ ತರ್ಲಮ್ಮಾ,
ಮಲಗಿದ್ದೋವನ್ನ ಎಬ್ಬಿಸಿದೀನಿ."

ಕೈವಾರದ ದಾರಿಯ ಏರು, ಮೂರನೇ ಗೇರು,
ಮೊದಲ ಸಲ ಕೆಮ್ಮಲಿಲ್ಲ.
ಬಂದು ಪ್ಲಗ್ಗು ಬಿಚ್ಚಿದರೆ ಮಸಿ ಹೋಗಿ
ಹುರಿದ ಕಡಲೇಕಾಯಿ ಸಿಪ್ಪೆಯ ಬಣ್ಣ.

ದುಡ್ಡು ಕೊಡುತ್ತಾ ಏನೋ ಹೇಳಿದೆ.
"ಆಞ್?" ಎಂದು
ಬಲಗಿವಿ ಇತ್ತ ತಿರುಗಿಸಿದರು.
ಎಡದ್ದು ಸತ್ತು ಹನ್ನೊಂದು ವರ್ಷವಂತೆ,
ಯಾರದೋ ಸೈಲೆನ್ಸರಿಲ್ಲದ ಜೀಪಿಗೆ.