ಒಂದು ಬದಿಗೆ ಎರಡು ರೂಪಾಯಿ

ವೆಲೆನ್ಸಿಯಾ ಸರ್ಕಲಿನ ನನ್ನ ಜೆರಾಕ್ಸ್ ಅಂಗಡಿಗೆ
ಆ ಎಪ್ರಿಲಿನ ಸೆಕೆಯಲ್ಲಿ
ಕೊಡೆ ಮಡಚುತ್ತ ಬಂದರು ಎರ್ಮೆಲಿಂದಾ ಬಾಯಮ್ಮ.
ಚೀಲದಿಂದ ಒಂದು ಕಾರ್ಡು, ಒಂದು ಬಿಳಿ ಲಕೋಟೆ,
ಅದರ ಹೊಟ್ಟೆಯೊಳಗೆ ಇನ್ನೊಂದು, ಹಸಿರು.
“ವಾಮನಾ, ಲಿಸ್ಬನ್ನಿಂದ ಓಟು ಬಂದಿದೆ.”

ಓಟಿಗೆ ನಾವು ಹೋಗುವುದು ಮಾರ್ರೆ,
ಓಟೇ ಮನೆಗೆ ಬರುವುದುಂಟಾ?
ನಮ್ಮದು ಶಾಲೆ, ಸಾಲು, ಬಿಸಿಲು, ಬೀಪ್ ಅಂತ ಒಂದು ಸದ್ದು,
ಉಗುರಿನ ಮೇಲೆ ತಿಂಗಳುಗಟ್ಟಲೆ ಒಂದು ಗೆರೆ.
ಇದು ರಿಜಿಸ್ಟರ್ಡ್ ಪೋಸ್ಟು. ಅಂಚೆಯ ಹುಡುಗಿ
ಸಹಿ ಹಾಕಿಸಿ, ನೀರು ಕುಡಿದು ಹೋದಳಂತೆ.

ಅವರು ಹುಟ್ಟಿದ್ದು ಮಡಗಾಂವಿನ ಹತ್ತಿರ,
ಅಲ್ಲಿಗೆ ಭಾರತ ಬರುವುದಕ್ಕೆ ಎಂಟು ವರ್ಷ ಮೊದಲು.
ಬೇಕರಿಯ ಕೊಲಾಸೊ ಕೈಹಿಡಿದು ಇಲ್ಲಿಗೆ ಬಂದು
ಐವತ್ತು ಕ್ರಿಸ್ಮಸ್ಸಿಗೆ ಕುಸ್ವಾರ್ ಕರಿದರು.
ಯಾವುದೋ ತಂಗಿಮಗಳು ಯಾವುದೋ ಇಗರ್ಜಿಯ ಹಳೇ ಪುಸ್ತಕದಿಂದ
ಜನನದ ಒಂದು ಸಾಲು ಹೆಕ್ಕಿ ಅತ್ತ ಕಳಿಸಿದ್ದೇ ಸೈ,
ಅಲ್ಲಿ ಒಂದು ಹೆಸರು ಹತ್ತಿತು,
ಇಲ್ಲಿಯ ಪಟ್ಟಿಯಿಂದ ಒಂದು ಹೆಸರು ಇಳಿಯಿತು.
ಈಗ ಬಾಗಿಲೆದುರಿನ ಚರಂಡಿಯ ವಿಷಯದಲ್ಲಿ ಅವರಿಗೆ ಮಾತಿಲ್ಲ.
ಕಡಲಾಚೆಯ ರೈಲು, ಆಸ್ಪತ್ರೆ, ಬಾಡಿಗೆ ಕಾಯಿದೆ,
ಅದಕ್ಕೆಲ್ಲ ಉಂಟು.

ಮಡಿಕೆ ಬಿಚ್ಚಿದರು. ಬಾಗಿ ನೋಡಿದೆ:
ಕೈ ಇಲ್ಲ, ಕಮಲ ಇಲ್ಲ,
ಹದಿನೆಂಟು ಪಕ್ಷ, ಹದಿನೆಂಟು ಖಾಲಿ ಚೌಕ.
“ಇಷ್ಟು ಜನ ನಿಂತರೆ ಗೆಲ್ಲುವುದು ಯಾರು?”
“ಯಾರೂ ಪೂರ್ತಿ ಗೆಲ್ಲುವುದಿಲ್ಲ. ನಿಮ್ಮ
ಕುಟುಂಬದ ಮನೆ ಪಾಲಾಯಿತಲ್ಲ, ಹಾಗೆ.
ಒಬ್ಬನಿಗೆ ಚಾವಡಿ, ಒಬ್ಬನಿಗೆ ಬಾವಿ,
ಆಮೇಲೆ ನೀರಿಗಾಗಿ ಮಾತಾಡಲೇಬೇಕು.”

“ಭಾಷೆ ಬರುತ್ತದಾ ನಿಮಗೆ?”
“ಜಪ ಬರುತ್ತದೆ. ಬೈಗುಳ ಎರಡು.
ಉಳಿದದ್ದು ನಿನಗೂ ಬರುತ್ತದೆ:
ಚಾವಿ, ಬಟಾಟೆ, ಮೇಸ್ತ್ರಿ, ಪಗಾರ, ಏಲಂ.”
ಏಲಂ ಅನ್ನುವಾಗ ನಕ್ಕರು.

ಗುಟ್ಟಿನಲ್ಲಿ ಹಾಕಬೇಕಲ್ಲ,
ಪಾಸ್‌ಪೋರ್ಟ್ ಫೋಟೋದ ನೀಲಿ ಪರದೆಯ ಹಿಂದೆ
ಸ್ಟೂಲು ಇಟ್ಟೆ, ಲೈಟು ಹಾಕಿದೆ, ಪೆನ್ನು ಕೊಟ್ಟೆ.
ಮೆಷಿನ್ನು ನಿಲ್ಲಿಸಿದೆ. ಯಾಕೆಂದು ಗೊತ್ತಿಲ್ಲ.
ಕಾನೂನು ಕಾಲೇಜಿನ ಮೂವರು ಮಕ್ಕಳು
ಪ್ರಾಜೆಕ್ಟಿನ ಕಟ್ಟು ಹಿಡಿದು ಮೊಬೈಲಲ್ಲಿ ಗಂಟೆ ನೋಡಿದರು.
ಪರದೆಯ ಕೆಳಗೆ ಎರಡು ಪಾದ ಮಾತ್ರ,
ಬಲಗಾಲಿನ ಹೆಬ್ಬೆರಳು ಮೇಲೆ, ಕೆಳಗೆ, ಮೇಲೆ.
ಒಂದು ನಿಮಿಷ. ನಾಲ್ಕು. ಏಳು.
ಪೆನ್ನು ಬರೆಯುತ್ತದಾ ಅಂತ ಕೇಳಬೇಕೆನಿಸಿತು,
ಕೇಳಲಿಲ್ಲ.

ಹೋದ ಸಲ ಕಾರ್ಡಿನ ಕಾಪಿ ಇಡಲು ಮರೆತಿದ್ದರಂತೆ.
ಕಾಪಿ ಇಲ್ಲದ ಲಕೋಟೆಗಳನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲವಂತೆ.
“ಎರಡು ರೂಪಾಯಿಯ ಕಾಗದ ವಾಮನಾ.”
ಗಾಜಿನ ಮೇಲೆ ಕಾರ್ಡು ಕವುಚಿದೆ,
ಬೆಳಕು ಅತ್ತಿಂದಿತ್ತ ಹರಿಯಿತು.
ಮೊದಲಿನದು ಪೂರಾ ಕಪ್ಪು, ಮುಖವೇ ಇಲ್ಲ.
ಎರಡನೆಯದರಲ್ಲಿ ಕಣ್ಣು ಬಂತು.
ಹಸಿರಿನ ಒಳಗಲ್ಲ, ಹಸಿರಿನ ಪಕ್ಕ, ಬಿಳಿಯ ಒಳಗೆ:
ಮೂರು ಸಲ ಹೇಳಿದರು, ತಾವೇ ತಮಗೆ.
ಅಂಟು ನಾನು ಹಚ್ಚಿದೆ.

ಪಾಂಡೇಶ್ವರದ ದೊಡ್ಡ ಪೋಸ್ಟಾಫೀಸಿಗೆ
ರಿಕ್ಷಾದವ ಅರವತ್ತು ಹೇಳಿದ, ಒಪ್ಪಿದರು.
ಎರಡರ ನಾಣ್ಯ ಮೇಜಿನ ಮೇಲಿಟ್ಟಾಗ ಬೇಡ ಅಂದೆ.
“ಹಿಡಿ. ಓಟು ಹಾಕುವ ದಿನ
ಯಾರದ್ದೂ ಪುಕ್ಕಟೆ ತಿನ್ನಬಾರದು.”

ತಿಂಗಳು ಕಳೆದು ಸಿಕ್ಕಾಗ ಕೇಳಿದೆ,
ಎಂತಾಯಿತು ನಿಮ್ಮ ಸರಕಾರ?
ಕೈಯಲ್ಲಿ ಬಂಗುಡೆಯ ತೊಟ್ಟೆ, ನಿಲ್ಲಲಿಲ್ಲ.
“ಇನ್ನೂ ಬಾವಿಕಟ್ಟೆಯಲ್ಲೇ ಇದ್ದಾರೆ.”

ಕಪ್ಪಾದ ಆ ಮೊದಲ ಕಾಪಿ ನನ್ನಲ್ಲೇ ಉಂಟು.
ಬಿಸಾಡಲಿಲ್ಲ, ಒಂದು ಬದಿ ಒಳ್ಳೆಯದಿತ್ತು,
ಅದರಲ್ಲಿ ಟೋನರಿನ ಲೆಕ್ಕ ಬರೆಯುತ್ತಿದ್ದೇನೆ.