ಮಧ್ಯಮ ಗಾತ್ರ

ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ
ಕಾರವಾರದ ಮೀನು ಮಾರುಕಟ್ಟೆಗೆ ಹೋಗುತ್ತೇನೆ,
ಚೀಲ ಇಲ್ಲದೆ.
ಕಂಕುಳಲ್ಲಿ ದರಪಟ್ಟಿ, ಜೇಬಲ್ಲಿ ಗುರುತಿನ ಚೀಟಿ,
ಕಾಲಿಗೆ ಹಳೆಯ ಚಪ್ಪಲಿ. ಐಸು ಕರಗಿದ ನೀರು
ಯಾವ ಇಲಾಖೆಯವನು ಎಂದು ಕೇಳುವುದಿಲ್ಲ.

ಮೀನು ಮುಟ್ಟದ ಮನೆ ನಮ್ಮದು, ಹಾನಗಲ್ಲಿನ ಕಡೆ.
ಹನ್ನೊಂದು ವರ್ಷದಲ್ಲಿ ತಾರ್ಲೆ ಯಾವುದು, ಲೆಪ್ಪೆ ಯಾವುದು,
ಕಿವಿರು ಎತ್ತಿದರೆ ನಿನ್ನೆಯದೋ ಮೊನ್ನೆಯದೋ
ಎಲ್ಲ ಕಲಿತೆ.
ತಿನ್ನಲು ಕಲಿಯಲಿಲ್ಲ.

ನನ್ನ ಪಟ್ಟಿಯಲ್ಲಿರುವುದು:
ಬಂಗಡೆ, ತಾಜಾ, ಮಧ್ಯಮ ಗಾತ್ರ, ಒಂದು ಕಿಲೋ.
ಚಂದ್ರಕಲಾ ದುರ್ಗೇಕರಳ ಹಲಗೆಯ ಮೇಲಿರುವುದು ಪಾಲು.
ನೂರಕ್ಕೆ ಒಂದು ಪಾಲು.
ಕಿಲೋ ಅಲ್ಲಿಗೆ ಇನ್ನೂ ಬಂದಿಲ್ಲ.

"ಎಷ್ಟು?"
"ನಿಂಗೋ, ನಿನ್ನ ಕಾಗ್ದಕ್ಕೋ?"
"ಕಾಗದಕ್ಕೆ."
"ಹೋದ್ ತಿಂಗ್ಳಿಂದೇ ಬರ್ಕೋ. ನೂರು."

ಹೋದ ವರ್ಷವೂ ನೂರು.
ಹತ್ತಿದ್ದದ್ದು ಎಂಟಾಗಿ, ಎಂಟು ಆರಾಗಿ,
ಆರನ್ನು ಎಂಟರಂತೆ ಹರಡಿಡುವ ವಿದ್ಯೆ ಅವಳ ಬೆರಳಿಗೆ ಬಂದು,
ಬೆಲೆ ಸ್ಥಿರವಾಗಿದೆ.

ಆರನ್ನೂ ಚೀಲಕ್ಕೆ ಹಾಕಿ ಕೈತಕ್ಕಡಿಗೆ ಸಿಕ್ಕಿಸುತ್ತೇನೆ.
ಮುಳ್ಳು ನಡುಗಿ ನಿಲ್ಲುವವರೆಗೆ ಕಾದು
ಗುಣಿಸಿ ಭಾಗಿಸಿ ಕಿಲೋ ಮಾಡುತ್ತೇನೆ. ಆಮೇಲೆ ಕೇಳುತ್ತೇನೆ,
ನಿಯಮದ ಪ್ರಕಾರ:
"ಇದು ಮಧ್ಯಮ ಗಾತ್ರವೇ?"

ಅವಳು ನನ್ನನ್ನೇ ನೋಡಿದಳು.
"ಯಾವ ವರ್ಷದ ಮಧ್ಯಮ?"

ಷರಾ ಎಂಬ ಕಾಲಮ್ಮು ಬೆರಳಷ್ಟು ಅಗಲ.
ಅದನ್ನೇ ಅಲ್ಲಿ ಬರೆದು ಕಳಿಸಿದೆ.
ಮೇಲಿನಿಂದ ಕೆಂಪು ಶಾಯಿಯಲ್ಲಿ ಬಂತು: ಅನ್ವಯಿಸುವುದಿಲ್ಲ.

ಆದರೆ ಆವತ್ತು ಸಾಲಿಗೆ ಸಾಲೇ ಉತ್ತರಕ್ಕೆ ನುಗ್ಗಿತ್ತು.
ಡೀಸೆಲ್ ಎಂದರು. ಬೈತಖೋಲದಲ್ಲಿ ಕಟ್ಟಿಹಾಕಿದ ಬೋಟು ಎಂದರು.
ರಾತ್ರಿ ಲೈಟು ಬಿಟ್ಟು ಮರಿ ಸಮೇತ ಬಳಿದವರ ಹೆಸರು ಹಿಡಿದು ಬೈದರು.
ದೊಡ್ಡದೆಲ್ಲ ಗೋವೆಯ ಲಾರಿ ಹತ್ತಿತು, ನಮಗೆ ಜರಡಿ ಹಿಡಿದದ್ದು ಎಂದರು.
ಬ್ಯಾಂಕಿನಿಂದ ನಿವೃತ್ತರಾದ ರೇವಣಕರ
ಇಸವಣದ ತುಂಡು ಆರಿಸುತ್ತಾ,
"ಸಬ್ಸಿಡಿ ಕೊಟ್ಟೂ ಕೊಟ್ಟೂ ದೇಶ ಹಾಳಾಯ್ತು" ಎಂದರು.
"ನಿಮ್ ಪಿಂಚಣಿ ಯಾವ ಸಮುದ್ರದಲ್ಲಿ ಬಲೆಗೆ ಬೀಳ್ತದೆ, ಮಾಮಾ?"
ಮೆಟ್ಟುಗತ್ತಿಯ ಹಿಂದಿನಿಂದ ಯಾರೋ, ತಲೆ ಎತ್ತದೆ.

ರಾತ್ರಿ ಹಬ್ಬುವಾಡದ ಬಾಡಿಗೆ ಕೋಣೆಯಲ್ಲಿ ಟಿವಿ ಹಚ್ಚಿದೆ.
ಒಬ್ಬ: ಬೆಲೆಯೇರಿಕೆ ಹತೋಟಿಗೆ ಬಂದಿದೆ.
ಇನ್ನೊಬ್ಬ: ಸೂಚ್ಯಂಕದ ಬುಟ್ಟಿಯೇ ಹಳೆಯದು ಸ್ವಾಮಿ,
ಅದರಲ್ಲಿ ಆಹಾರದ ತೂಕ ಇಳಿಸಬೇಕು.
ಮುಂದಿನ ಮಂಗಳವಾರ ತಡೆಯಲಾರದೆ ಚಂದ್ರಕಲಾಗೆ ಹೇಳಿದೆ:
ಬುಟ್ಟಿಯ ತೂಕ ಇಳಿಸುತ್ತಾರಂತೆ.
"ಹೌದಾ? ಹಂಗಾದ್ರೆ ಬಾ, ಒಂದು ಕೈ ಹಚ್ಚು."

ಎತ್ತಿದೆ. ಸಿಂಬಿಯ ಮೇಲೆ ಬುಟ್ಟಿ ಕೂರುವಷ್ಟರಲ್ಲಿ
ಐಸುನೀರು ನನ್ನ ತೋಳಿನಿಂದ ಬನಿಯನ್ನಿಗೆ ಇಳಿಯಿತು.
ಅವಳು ಕೋಡಿಬಾಗಿನ ಕಡೆ ಹೊರಟಳು, ಉಳಿದದ್ದನ್ನು
ಮನೆಮನೆಗೆ ಕೂಗಿ ಮಾರಲು.

ಅವಳಿಗೆ ಹೇಳದ್ದು ಒಂದಿದೆ.
ಇಂಥ ಪಟ್ಟಿಗಳೆಲ್ಲ ಎಲ್ಲೋ ಕೂಡಿ, ಒಂದು ಅಂಕಿಯಾಗಿ,
ವರ್ಷಕ್ಕೆ ಎರಡು ಸಲ
ತುಟ್ಟಿಭತ್ಯೆಯಾಗಿ ನನ್ನ ಸಂಬಳಕ್ಕೆ ಬಂದು ಸೇರುತ್ತವೆ.
ಬಂಗಡೆ ತುಟ್ಟಿಯಾದದ್ದಕ್ಕೆ
ಬಂಗಡೆ ತಿನ್ನದವನಿಗೆ ಪರಿಹಾರ.
ಅವಳಿಗೆ ಆರು ಮೀನು, ನಡುವೆ ಸಂದು ಬಿಟ್ಟು.

ಈ ಸಲದ ಬಾಕಿ ಬಂದ ಮಾರನೇ ದಿನ, ಮಂಗಳವಾರವಲ್ಲ,
ಅವಳ ಹಲಗೆಯ ಮುಂದೆ ಹೋಗಿ ನಿಂತೆ.
"ನಿಂಗೋ, ಕಾಗ್ದಕ್ಕೋ?"
"ನನಗೆ."
ಕತ್ತಿ ನಿಂತಿತು. ಆಚೀಚೆಯವರೆಲ್ಲ ನಕ್ಕರು.
ಅವಳು ನಗಲಿಲ್ಲ; ಆರು ಎಣಿಸಿ ಹಾಕಿ,
ರಾಶಿಯ ಅಡಿಗೆ ಕೈ ತೂರಿಸಿ
ಒಂದು ದೊಡ್ಡದನ್ನು ಎಳೆದು ಕೊಸರು ಹಾಕಿದಳು.

ಬಸ್ ಸ್ಟ್ಯಾಂಡಿನವರೆಗೂ ಚೀಲ ತೊಟ್ಟಿಕ್ಕಿತು.
ಏಳು ಬಂಗಡೆ. ಒಂದು, ಯಾವ ವರ್ಷದ್ದೋ, ಮಧ್ಯಮ.
ಕೋಣೆಯಲ್ಲಿ ಬಾಣಲೆ ಇಲ್ಲ.
ಇದನ್ನೀಗ ಯಾರಿಗೆ ಕೊಡಲಿ.