ಬಣ್ಣ ಹೋದ ಮ್ಯಾಲ

ಮೇ ತಿಂಗಳು, ಹನ್ನೊಂದೂವರಿ.
ಸೊಲ್ಲಾಪುರದ ಕೇಗಾಂವ ವಿದ್ಯಾಪೀಠದಾಗ
ರಸಾಯನಶಾಸ್ತ್ರದ ಗಚ್ಚಿ ಮ್ಯಾಲ ಒಬ್ಬಾಕಿನ ನಿಂತೀನಿ.
ಯುವಿ ದೀಪ ಸುಟ್ಟು ಎರಡು ವರ್ಷ ಆತು,
ಹೊಸಾದಕ್ಕ ಬರೆದ ಅರ್ಜಿ ಯಾವ ಟೇಬಲ್ಲಿನ ಕೆಳಗದನೋ.
"ಸೋಲಾಪುರಾತ್ ದಿವಾ ಕಶಾಲಾ?" ಅಂದ್ರು ಗಾಯಕವಾಡ ಸರ್,
ಮುಗಿಲಿಗೆ ಬೆರಳು ತೋರಿಸಿ ಫ್ಯಾನಿನ ಕೆಳಗ ಹೋಗಿ ಕುಂತ್ರು.

ಹಂಗಾಗಿ ನನ್ನ ಪಿಎಚ್‌ಡಿ ಬಿಸಲಿನ ಋಣದಾಗದ.
ಆರು ಬೀಕರು, ತಳಕ್ಕ ಜಿಂಕ್ ಆಕ್ಸೈಡಿನ ಬಿಳಿ ಹಿಟ್ಟು,
ಮ್ಯಾಲ ಮಿಥಿಲೀನ್ ಬ್ಲೂ, ಬಾಟಲಿಯಾಗ ಹುಟ್ಟಿದ ನೀಲಿ,
ಯಾವ ಮಗ್ಗಾನೂ ಕಾಣದ ನೀಲಿ.
ಹತ್ತು ನಿಮಿಷಕ್ಕೊಮ್ಮೆ ಪಿಪೆಟ್ಟಿನಾಗ ಒಂದೀಟು ತಗದು
ಮೆಟ್ಟಲಾ ಇಳದು ಯಂತ್ರಕ್ಕ ತೋರಸಬೇಕು.
೬೬೪ರ ಹತ್ರ ಗುಡ್ಡ ಇತ್ತು. ದಿಬ್ಬ ಆತು. ಬಯಲಾತು.
ತೊಂಬತ್ತಾರು ಪರ್ಸೆಂಟ್!
ಪೇಪರ್ ಆಗತದ, ಅಂದ್ರು ಸರ್.

ಗಾಜಿನ ಸಾಮಾನು ತೊಳಿಯೋ ಮಲಕಾರಿ ಮಾಮಾ ಜತ್ತ ಕಡಿಯಾಂವ.
ನನ್ನ ಜೋಡಿ ಅಷ್ಟೇ ಕನ್ನಡ ಮಾತಾಡ್ತಾನ,
ಅದೂ ನಳಾ ಜೋರು ಬಿಟ್ಟು, ನೀರಿನ ಸಪ್ಪಳದ ಮರಿಗೆ:
"ಅಲ್ಲವಾ ಭೌರಮ್ಮ, ನಿಮ್ಮಪ್ಪ ಹಚ್ಚೂ ಬಣ್ಣಾ ತಗಿಲಿಕ್ಕ
ನಿನಗ ಸರಕಾರ ಪಗಾರ ಕೊಡತದೇನ?"

ಅಪ್ಪ ಅಕ್ಕಲಕೋಟ ರೋಡಿನ ಕಾರಖಾನಿಯಾಗ
ಟಾವೆಲಿನ ನೂಲಿಗೆ ಮೂವತ್ತೊಂದು ವರ್ಷದಿಂದ ಕೆಂಪು ಕುಡಸ್ತಾನ.
ಅವನ ತಾಟಿನಾಗ ರೊಟ್ಟಿ ಅಂಚು ಗುಲಾಬಿ.
ನನ್ನ ಎಂಎಸ್ಸಿ ಫೀ ರಸೀದಿ ಮ್ಯಾಲ ಅವನ ಬೆರಳಚ್ಚು ಅದ;
ಅದರ ಮ್ಯಾಲ ಯಾವ ಪುಡಿಯನ್ನೂ
ನಾ ಹಾಕಿ ನೋಡಿಲ್ಲ.

ಜೂನಿನಾಗ ಅವನ ಕಡಿಂದನ ಒಂದು ಬಾಟ್ಲಿ ತರಿಸಿದೆ,
ಟಾಕಿಯ ಕಡೀ ನೀರು.
ಕೆಂಪು, ಉಪ್ಪು, ಸೋಡಾ, ನೂಲಿನ ಗಂಜಿ,
ಯಾರೋ ಉಗುಳಿದ ತಂಬಾಕು.
ಬಿಸಲು ಅದೇ, ಪುಡಿ ಅದೇ, ನಾನೂ ಅದೇ.
ನಾಕು ತಾಸು ಕುಂತರೂ ಗೆರಿ ಅಲುಗಲಿಲ್ಲ.
ತೆಳ್ಳಗ ಮಾಡಿದೆ, ಹುಳಿ ಹಾಕಿದೆ, ಪುಡಿ ಎರಡರಷ್ಟು ಮಾಡಿದೆ,
ನಡುವ ಎರಡು ದಿನ ಮಾಡ.
ಏಳನೇ ದಿನ ನೀರು ತಿಳಿಯಾತು.

ಆ ತಿಳಿ ನೀರು ಸಿಟಿ ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ಮನಿಗೆ ತಂದೆ.
ಅಪ್ಪ ಬಲ್ಬಿನ ಕಡೆ ಎತ್ತಿ ಹಿಡೀತಾನ ಅನಕೊಂಡಿದ್ದೆ.
ಅಂವ ನೋಡಲೇ ಇಲ್ಲ. ಮುಚ್ಚಳ ತಗದ, ಮೂಗಿಗೆ ಹಿಡದ.
"ಬಣ್ಣ ಹೋಗ್ಯದ," ಅಂದ. "ಮಾಲು ಹೋಗಿಲ್ಲ.
ಕೆಂಪಿದ್ದಾಗರ ದನಾ ಹಿಂದ ಸರೀತಿದ್ವು.
ಈಗ ಕುಡೀತಾವ."
ಬಾಟ್ಲಿ ನನ್ನ ಕೈಯಾಗ ಇಟ್ಟು ಊಟಕ್ಕ ಕುಂತ.

ಮರುದಿನ ಯಂತ್ರದ ಮುಂದ ಭಾಳ ಹೊತ್ತು ಕುಂತೆ.
ಇಷ್ಟು ದಿನ ಕಣ್ಣಿಗೆ ಕಾಣೋದರ ಲೆಕ್ಕ ಅಷ್ಟೇ ಇಟ್ಟಿದ್ದೆ,
ನಾನೂರರಿಂದ ಆಚಿಗೆ.
ಬಾಗಲಾ ಈಚಿಗೆ ಸರಿಸಿದೆ, ಇನ್ನೂರಕ್ಕ.
ಅಲ್ಲಿತ್ತು. ಎರಡುನೂರ ಐವತ್ತರ ಹತ್ರ,
ಹೊದ್ದು ಮಲಗಿದ ಹುಡುಗನ ಮೊಣಕಾಲಿನಂಗ ಒಂದು ಉಬ್ಬು.
ಕೆಂಪಿನ ಕೊಂಡಿ ಅಷ್ಟೇ ಕಡದಿತ್ತು.
ತುಂಡು ತುಂಡು ಎಲ್ಲಾ ಅಲ್ಲೇ ಕುಂತಿದ್ವು, ಬಿಳೀ ಅರಿವಿ ಉಟಗೊಂಡು.

"ಗ್ರಾಫು ನಾನೂರರಿಂದ ಸುರು ಮಾಡು," ಅಂದ್ರು ಸರ್,
ಕೆಟ್ಟ ಮನಸಿಲ್ಲ ಅವರದು, ಆಗಸ್ಟಿಗೆ ಮುಗೀಬೇಕು ಅಷ್ಟೇ.
ನೋಟಬುಕ್ಕಿನ ಪುಟಾ ತಿರಿವ್ಯಾಡತಾ ಒಂದು ಕಡೆ ನಿಂತ್ರು.
ಇಂಗ್ಲಿಷಿನ ನಡುವ ನನಗ ತಿಳೀದಂಗ ಬರೆದ ಒಂದೇ ಸಾಲು ಕನ್ನಡ.
"ಹೇ ಕಾಯ್ ಲಿಹಿಲಂಯ್?"
ನಾನು ಬಾಟ್ಲಿ ಮುಂದ ಸರಿಸಿದೆ. "ವಾಸ, ಸರ್."

ಮೂಸಿದ್ರು. ಮತ್ತೊಮ್ಮೆ ಮೂಸಿದ್ರು.
ಯಾರು ಹೇಳಿದ್ರು ಅಂತ ಕೇಳಿದ್ರು. ವಡೀಲ, ಅಂದೆ.
ಏನ್ ಮಾಡ್ತಾರ ಅಂತ ಕೇಳಿದ್ರು.
ಮೂರು ವರ್ಷದಾಗ ಮೊದಲನೇ ಸಲ.

ಹಿಂದ ಸಿಂಕಿನಾಗ ನಳಾ ಬಂದಾತು.
ಮಲಕಾರಿ ಮಾಮಾ ಕಿವಿ ಕೊಟ್ಟಿದ್ದ.